ತಿಮಿಂಗಿಲ ಬಲ್ಲವನ ಮಾತು

ತಿಮಿಂಗಿಲವೆಂಬ ನಮ್ಮ ಶಬ್ದ ಸಂಸ್ಕೃತದಿಂದ ಬಂದದ್ದು. ‘ತಿಮಿ’ ಎಂಬ ಮಹಾಮತ್ಸ್ಯವನ್ನೂ ನುಂಗತಕ್ಕದ್ದು ಎಂದು ಅದರ ಅರ್ಥ. ಅದನ್ನೂ ನುಂಗುವ ಇನ್ನೊಂದಕ್ಕೆ ‘ತಿಮಿಂಗಿಲಗಿಲ’ ಎಂದು ಹೆಸರಿಟ್ಟು ನಮ್ಮ ಹಿರಿಯರು ಅಲ್ಲಿಗೆ ಕೈತೊಳೆದುಕೊಂಡರು. ಶಬ್ದವೇನೋ ಸೊಗಸಾಗಿದೆ, ಆದರೆ ಕಂಡವರಿಟ್ಟ ಹೆಸರಿಗಿಂತ ಕೇಳಿದವರಿಟ್ಟ ಹೆಸರಿನ ಧಾಟಿ ಅದರಲ್ಲಿ ಹೆಚ್ಚು. ಅಲಾಸ್ಕದ ಉತ್ತರದಂಚಿನ ಇನ್ಯುಪಿಯಾಟ್ ಜನರ ಮಾತು ಹಾಗಲ್ಲ. ಇನ್ಯೂಟ್ ಕುಲದ ಒಂದು ಶಾಖೆಯಾದ ಇವರಿಗೆ, ಬಿಲ್ಲಿನಂತೆ ಬಾಗಿದ ಬಾಯಿಯುಳ್ಳ ಬೋಹೆಡ್ ತಿಮಿಂಗಿಲ ‘ಅಗ್ವಿಕ್’. ಅದರಲ್ಲಿಯೇ ಗಿಡ್ಡಗೆ, ದುಂಡಗೆ, ಮೈತುಂಬ ಕೊಬ್ಬು ಹೊತ್ತ ಎಳೆಯದು ‘ಇಂಗುಟುಕ್’. ಈ ಇಂಗುಟುಕ್ ಬೇರೊಂದು ಜಾತಿಯೇ ಇರಬಹುದೇ ಎಂದು ಪ್ರಾಣಿಶಾಸ್ತ್ರಜ್ಞರು ಕೆಲಕಾಲ ತಲೆ ಕೆಡಿಸಿಕೊಂಡದ್ದುಂಟು. ಬೇಟೆಗಾರನಿಗೆ ಆ ಸಂದೇಹವಿಲ್ಲ. ಆ ಹೆಸರಿನಲ್ಲಿ ಅವನು ಹೇಳುವುದು ಪ್ರಾಣಿಯ ವಯಸ್ಸು, ಅದರ ಆರೋಗ್ಯ, ಅದರ ಮಾಂಸದ ಮೃದುತ್ವ, ಮೂರನ್ನೂ ಒಂದೇ ಉಸಿರಿನಲ್ಲಿ.

ಈ ವಿಷಯವಾಗಿ ಆಂಗ್ಲ ಭಾಷೆಯಲ್ಲಿ ಬಂದಿರುವ ಬರವಣಿಗೆಯನ್ನು ಒಟ್ಟಿಗಿಟ್ಟುಕೊಂಡು ಓದುವವನಿಗೆ ಸಾಹಿತ್ಯ ವಿಮರ್ಶೆಯ ಒಂದು ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಎದುರಾಗುತ್ತದೆ. ಬಾಯಿಮಾತಿನಲ್ಲಿ ಬದುಕಿರುವ ತಿಳಿವಳಿಕೆ ಅಚ್ಚಿಗೆ ಬಂದಾಗ ಉಳಿಯುವುದೇನು, ಸೋರಿಹೋಗುವುದೇನು? ಹಾಡು ಕಥೆಗಳನ್ನು ಸಂಗ್ರಹಿಸಿದ ನಮ್ಮವರಿಗೂ ಈ ಪ್ರಶ್ನೆ ಗೊತ್ತು. ಆದರೆ ಹಾಡಿನಲ್ಲಿ ಒಂದು ನುಡಿ ತಪ್ಪಿದರೆ ಹಾಳಾಗುವುದು ಹಾಡು ಮಾತ್ರ. ಇಲ್ಲಿಯಾದರೋ, ೧೯೭೭ರಲ್ಲಿ, ಮಾತಿಗೆ ಬೆಲೆ ಸಿಗದ ಕಾರಣ ಒಂದು ಜನಾಂಗದ ಊಟವೂ ಹಬ್ಬವೂ ನಿಂತುಹೋಗುವ ಕಾಲ ಬಂದಿತ್ತು.

ಪ್ರಕೃತ ವಿಚಾರಕ್ಕೆ ಮುಖ್ಯ ಆಧಾರ ಕರೆನ್ ಬ್ರೂಸ್ಟರ್ ಅವರು ಸಂಪಾದಿಸಿ ೨೦೦೪ರಲ್ಲಿ ಅಲಾಸ್ಕ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಹೊರಬಂದ ‘ದಿ ವೇಲ್ಸ್, ದೇ ಗಿವ್ ದೆಮ್‌ಸೆಲ್ವ್ಸ್’ ಎಂಬ ಗ್ರಂಥ. ಹ್ಯಾರಿ ಬ್ರೌವರ್ ಎಂಬ ಹಿರಿಯ ಬೇಟೆಗಾರನೊಡನೆ ನಡೆದ ಸಂಭಾಷಣೆಗಳ ಸಂಕಲನವಿದು. ಅದರ ಬಳಿಯಲ್ಲಿ ಇನ್ನೂ ಒಂದೆರಡು ಬರಹಗಳನ್ನಿಟ್ಟು ನೋಡಿದರೆ ಇದರ ಬೆಲೆ ಸ್ಪಷ್ಟವಾಗುತ್ತದೆ.

ಮೊದಲು ಮೆಲ್ವಿಲ್‌ನಿಂದ ತೊಡಗಬಹುದು. ತಿಮಿಂಗಿಲವೆಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವುದು ೧೮೫೧ರ ‘ಮೋಬಿ ಡಿಕ್’ ತಾನೆ? ಆ ಮಹಾಕಾದಂಬರಿಯಲ್ಲಿ ತಿಮಿಂಗಿಲ ಶಾಸ್ತ್ರಕ್ಕೇ ಮೀಸಲಾದ ಅಧ್ಯಾಯಗಳಿವೆ. ಗ್ರಂಥಭಂಡಾರಗಳನ್ನೆಲ್ಲ ಶೋಧಿಸಿ, ಕೊನೆಗೆ ತಿಮಿಂಗಿಲ ಮೀನೇ ಎಂದು ಕಥಾನಾಯಕ ಘೋಷಿಸುತ್ತಾನೆ. ಅದು ತಮಾಷೆಯೆಂದು ಬಿಡೋಣ. ಮುಂದೊಂದು ಕಡೆ ಅವನು ಗಂಭೀರವಾಗಿಯೇ ಕೇಳಿಕೊಳ್ಳುತ್ತಾನೆ: ಇಷ್ಟು ಬೇಟೆಯ ಮಧ್ಯೆ ಈ ಸಂತತಿ ಉಳಿದೀತೆ? ಉಳಿಯುತ್ತದೆ, ಧ್ರುವದ ಹಿಮದ ಕೋಟೆಯೊಳಕ್ಕೆ ಹೊಕ್ಕರೆ ಮನುಷ್ಯನ ಕೈಗೆ ಅದು ಸಿಕ್ಕುವುದಿಲ್ಲವೆಂಬುದು ಅವನ ಸಮಾಧಾನ. ಗ್ರಂಥ ಅಚ್ಚಾಗುವುದಕ್ಕೆ ಮೂರು ವರ್ಷ ಹಿಂದೆ, ೧೮೪೮ರಲ್ಲಿ, ರಾಯ್ಸ್ ಎಂಬ ಅಮೆರಿಕದ ನಾವಿಕ ತನ್ನ ‘ಸುಪೀರಿಯರ್’ ಹಡಗನ್ನು ಬೇರಿಂಗ್ ಜಲಸಂಧಿಯ ಆಚೆಗೆ ನಡೆಸಿಬಿಟ್ಟಿದ್ದ. ಕೋಟೆಯ ಬಾಗಿಲು ಮುರಿದಿತ್ತು. ಅನಂತರದ ಅರುವತ್ತು ವರ್ಷಗಳಲ್ಲಿ ದೀಪದೆಣ್ಣೆಗಾಗಿ, ನಾಗರಿಕ ಸ್ತ್ರೀಯರ ಸೊಂಟ ಬಿಗಿಯುವ ಉಡುಪಿನ ಪಟ್ಟಿಗಳಿಗಾಗಿ ಬೋಹೆಡ್ ಸಂತತಿ ಬಹುಪಾಲು ನಾಶವಾಯಿತು. ಆ ಪಟ್ಟಿಗಳು ಅದರ ಬಾಯಲ್ಲಿ ಹಲ್ಲಿಗೆ ಬದಲಾಗಿ ಜಾಲರಿಯಂತೆ ತೂಗುವ ‘ಬಾಲೀನ್’. ಮೆಲ್ವಿಲ್ ಸ್ವತಃ ತಿಮಿಂಗಿಲ ಹಡಗಿನಲ್ಲಿ ದುಡಿದವನು. ಅವನ ಪ್ರತಿಭೆ ಅಸಾಧಾರಣ. ಆದರೂ ಹಿಮದಡಿಯ ವಿಷಯದಲ್ಲಿ ಅವನದು ಕಲ್ಪನೆ. ಹಿಮದಡಿ ತಿಮಿಂಗಿಲ ಏನು ಮಾಡುತ್ತದೆಂಬುದನ್ನು ಬಲ್ಲವರು ಹಿಮದ ಮೇಲೆ ನಿಂತಿದ್ದರು. ಅವರನ್ನು ಕೇಳಿದವರು ಯಾರೂ ಇರಲಿಲ್ಲ.

ಹ್ಯಾರಿ ಬ್ರೌವರ್ ಹುಟ್ಟಿದ್ದು ೧೯೨೪ರಲ್ಲಿ. ತಂದೆ ಚಾರ್ಲ್ಸ್ ಬ್ರೌವರ್ ನ್ಯೂಯಾರ್ಕಿನಿಂದ ಬಂದು ಬ್ಯಾರೋ ಎಂಬ ಊರಿನಲ್ಲಿ ನೆಲಸಿ, ತಿಮಿಂಗಿಲ ಬೇಟೆಯ ವ್ಯಾಪಾರ ನಡೆಸಿದ ಬಿಳಿಯ. ತಾಯಿ ಇನ್ಯುಪಿಯಾಟ್ ಹೆಣ್ಣು. ಊರಿಗೆ ೨೦೧೬ರಿಂದ ಉತ್ಕಿಯಾಗ್‌ವಿಕ್ ಎಂಬ ಅದರ ಮೂಲ ಹೆಸರೇ ಮತ್ತೆ ಬಂದಿದೆ. ತಂದೆಯೂ ಒಂದು ಪುಸ್ತಕ ಬರೆದಿದ್ದಾನೆ: ೧೯೪೨ರ ‘ಫಿಫ್ಟಿ ಇಯರ್ಸ್ ಬಿಲೋ ಜೀರೋ’. ಸಾಹಸ, ಹಿಮಗಾಳಿ, ಒಡೆದ ಹಡಗು ಎಲ್ಲವೂ ಇರುವ ರಂಜಕ ಗ್ರಂಥವದು. ತಂದೆಯ ಪುಸ್ತಕವನ್ನೂ ಮಗನ ಪುಸ್ತಕವನ್ನೂ ಅಕ್ಕಪಕ್ಕದಲ್ಲಿಟ್ಟು ಓದುವುದೊಂದು ಪಾಠ. ತಂದೆಯದರಲ್ಲಿ ‘ನಾನು’ ಎಲ್ಲ ಕಡೆಯೂ ಕ್ರಿಯೆಗೆ ಒಡೆಯ; ನಾನು ಹೋದೆ, ಹೊಡೆದೆ, ಬದುಕಿ ಬಂದೆ. ಮಗನಾದರೋ ತನ್ನನ್ನು ಕುರಿತು ಹೇಳಿಕೊಳ್ಳುವಾಗಲೂ ಹೇಳುವುದು ಹಿಮದ ವಿಚಾರ, ಗಾಳಿಯ ವಿಚಾರ, ತಾನು ಯಾರಿಂದ ಕಲಿತೆನೆಂಬ ವಿಚಾರ. ಅವನ ಪುಸ್ತಕದ ಹೆಸರಿನಲ್ಲಿಯೇ ಕರ್ತೃಪದ ತಿಮಿಂಗಿಲದ್ದು.

ಸಂಭಾಷಣೆಯ ಗ್ರಂಥಗಳ ಕಷ್ಟ ನಮಗೆಲ್ಲ ಗೊತ್ತಿದ್ದದ್ದೇ. ಮಾತು ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ, ಹೇಳಿದ್ದನ್ನೇ ಹೇಳುತ್ತದೆ. ಸಂಪಾದಕರು ಅದನ್ನು ಪೂರಾ ಬಾಚಿ ಜಡೆ ಹಾಕಿದ್ದರೆ ಓದು ಸುಲಭವಾಗುತ್ತಿತ್ತು, ಪುಸ್ತಕ ಸಾಯುತ್ತಿತ್ತು. ಬ್ರೂಸ್ಟರ್ ಆ ತಪ್ಪು ಮಾಡಿಲ್ಲ. ಆದರೆ ಅವರ ಸ್ವಂತ ವಿವರಣೆಗಳು ಕೆಲವೆಡೆ ಹೆಚ್ಚಾದವೆಂದು ಹೇಳದೆ ವಿಧಿಯಿಲ್ಲ. ಮುದುಕ ಮಾತಾಡುತ್ತಿರುವಾಗ ಪಕ್ಕದಲ್ಲಿ ಕುಳಿತವರು ಪದೇ ಪದೇ ಅರ್ಥ ಹೇಳಲು ಹೊರಟರೆ ಕೇಳುವವನಿಗೆ ಚಡಪಡಿಕೆಯಾಗುತ್ತದೆ.

ಮಾತು ದಾರಿ ಬಿಟ್ಟಿತೆಂದು ಕೇಳುವವನು ಎಣಿಸುವ ಜಾಗದಲ್ಲಿಯೇ ಕೆಲವು ವೇಳೆ ಅದು ದಾರಿಗೆ ಬಂದಿರುತ್ತದೆ. ಇದಕ್ಕೆ ಹೆನ್ರಿ ಹಂಟಿಂಗ್‌ಟನ್ ಎಂಬ ಸಂಶೋಧಕರು ೨೦೦೦ದ ಒಂದು ಲೇಖನದಲ್ಲಿ ಕೊಡುವ ನಿದರ್ಶನ ಮರೆಯಲಾಗದ್ದು. ಅಲಾಸ್ಕದ ನಾರ್ಟನ್ ಕೊಲ್ಲಿಯ ಹಿರಿಯರನ್ನು ಕೂಡಿಸಿಕೊಂಡು ಬೆಲುಗಾ ಎಂಬ ಬಿಳಿಯ ತಿಮಿಂಗಿಲದ ವಿಷಯ ಕೇಳುತ್ತಿದ್ದರಂತೆ. ಹಿರಿಯರು ಇದ್ದಕ್ಕಿದ್ದಂತೆ ಬೀವರ್‌ಗಳ ಮಾತು ತೆಗೆದರು. ಬೀವರ್ ಎಂದರೆ ಹೊಳೆಗಳಿಗೆ ಮರದ ಕಟ್ಟೆ ಕಟ್ಟಿಕೊಂಡು ಬಾಳುವ ಪ್ರಾಣಿ. ಕಡಲಿಗೂ ಅದಕ್ಕೂ ಏನು ನಂಟು? ಮಾತು ಹಳಿ ತಪ್ಪಿತೆಂದು ಕೇಳುವವರಿಗೆ ತೋರಿತು. ಸ್ವಲ್ಪ ಹೊತ್ತಿನಲ್ಲಿ ವಿಷಯ ಬಯಲಾಯಿತು: ಬೀವರ್‌ಗಳು ಹೆಚ್ಚಿವೆ, ಅವು ತೊರೆಗಳಿಗೆ ಕಟ್ಟೆ ಹಾಕುತ್ತವೆ, ಮೊಟ್ಟೆಯಿಡಲು ತೊರೆಯೇರುವ ಮೀನುಗಳಿಗೆ ಅದರಿಂದ ತಡೆ, ಆ ಮೀನೇ ಬೆಲುಗಾದ ಆಹಾರ. ಪ್ರಶ್ನಪತ್ರಿಕೆ ಹಿಡಿದು ಕೂತವನು ‘ಬೆಲುಗಾದ ವಿಷಯ ಮಾತ್ರ ಹೇಳಿ’ ಎಂದಿದ್ದರೆ ಆ ಜ್ಞಾನ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಮಾತಿನ ಬಳಸುದಾರಿಯೇ ಅಲ್ಲಿ ವಿಷಯದ ಆಕಾರ.

ಇನ್ನು ೧೯೭೭ರ ಕಥೆ. ಆ ವರ್ಷ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಮೂಲನಿವಾಸಿಗಳಿಗಿದ್ದ ವಿನಾಯಿತಿಯನ್ನು ತೆಗೆದುಹಾಕಿ ಬೋಹೆಡ್ ಬೇಟೆಯನ್ನು ಪೂರ್ತಿ ನಿಷೇಧಿಸಿತು. ಉಳಿದಿರುವುದು ಎರಡು ಸಾವಿರಕ್ಕೆ ಮೀರದು, ಕೆಲವೇ ನೂರು ಇದ್ದರೂ ಇರಬಹುದು ಎಂದು ವಿಜ್ಞಾನಿಗಳ ಅಂದಾಜು. ಬೇಟೆಗಾರರು ಅದೇ ವರ್ಷ ಅಲಾಸ್ಕ ಎಸ್ಕಿಮೋ ತಿಮಿಂಗಿಲ ಬೇಟೆ ಆಯೋಗವೆಂಬ ತಮ್ಮದೇ ಸಂಸ್ಥೆ ಕಟ್ಟಿ ಹೋರಾಟಕ್ಕೆ ನಿಂತರು. ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಕೂಡಿದ ವಿಶೇಷ ಸಭೆ ೧೯೭೮ಕ್ಕೆ ಒಂದು ಮಿತಿ ಹಾಕಿತು: ದಡ ಸೇರಿಸಿದ್ದು ಹನ್ನೆರಡು, ಇಲ್ಲವೆ ಈಟಿ ತಾಕಿದ್ದು ಹದಿನೆಂಟು, ಯಾವುದು ಮೊದಲು ಮುಗಿದರೂ ಅಲ್ಲಿಗೆ ಬೇಟೆ ಮುಗಿಯಿತು. ಹಲವು ಊರುಗಳ ಬಾಯಿಗೆ ಇಷ್ಟು. ಅದರ ಮಾಂಸವೆಂದರೆ ಅಂಗಡಿಯ ಸರಕಲ್ಲ. ಹೊಡೆದ ದೋಣಿಯವರು, ಎಳೆಯಲು ಬಂದವರು, ವಿಧವೆಯರು, ವೃದ್ಧರು ಎಲ್ಲರಿಗೂ ಪಾಲುಂಟು. ಜೂನಿನ ‘ನಲುಕಟಕ್’ ಹಬ್ಬದಲ್ಲಿ ಊರಿಗೆ ಊರೇ ಉಣ್ಣುತ್ತದೆ.

ವಿಜ್ಞಾನಿಗಳು ಎಣಿಸುತ್ತಿದ್ದ ರೀತಿ ಸರಳವಾದದ್ದು. ವಸಂತದಲ್ಲಿ ಹಿಮ ಬಿರಿದು ತೆರೆಯುವ ನೀರಿನ ಓಣಿಯ ಅಂಚಿನಲ್ಲಿ ನಿಂತು, ಹಾದುಹೋಗುವ ಬೆನ್ನುಗಳನ್ನು ಲೆಕ್ಕ ಹಾಕುವುದು. ಓಣಿ ಮುಚ್ಚಿದರೆ ತಿಮಿಂಗಿಲ ಬರುವುದಿಲ್ಲವೆಂದು ನಂಬಿಕೆ, ಏಕೆಂದರೆ ಉಸಿರಾಡಬೇಕಲ್ಲ? ಬ್ರೌವರ್ ಹೇಳಿದ್ದು ಬೇರೆ. ಓಣಿಯಿಂದ ಬಹುದೂರದಲ್ಲಿ, ಕಣ್ಣಿಗೆ ಬೀಳದ ಕಡೆ, ಹಿಮದ ಕೆಳಗೇ ಅವು ಸಾಗುತ್ತವೆ. ಎಳೆಯ ಹಿಮವನ್ನು ತಲೆಯಿಂದ ಎತ್ತಿ ಒಡೆದು ಉಸಿರೆಳೆದುಕೊಳ್ಳುತ್ತವೆ. ಇದನ್ನು ಕೇಳಿಸಿಕೊಂಡವರು ಥಾಮಸ್ ಆಲ್ಬರ್ಟ್ ಎಂಬ ಪಶುವೈದ್ಯ ವಿಜ್ಞಾನಿ. ಕೇಳಿ ನಂಬಿದ್ದಕ್ಕಿಂತ, ನಂಬಿ ಎಣಿಕೆಯ ಕ್ರಮವನ್ನೇ ಬದಲಿಸಿದ್ದು ಅವರ ದೊಡ್ಡತನ. ೧೯೮೦ರ ದಶಕದಲ್ಲಿ ನೀರಿನೊಳಕ್ಕೆ ಧ್ವನಿಗ್ರಾಹಕ ಯಂತ್ರಗಳನ್ನಿಳಿಸಿ ಕಿವಿಗೊಟ್ಟಾಗ, ಮುಚ್ಚಿದ ಹಿಮದಡಿ ತಿಮಿಂಗಿಲಗಳ ಕೂಗು ಸಾಲುಸಾಲಾಗಿ ಕೇಳಿಬಂತು. ಅರ್ಧ ಅಡಿಯಷ್ಟು ಹಿಮವನ್ನು ಅವು ತಲೆಯಿಂದ ಒಡೆಯುವುದೂ ದಾಖಲಾಯಿತು. ೨೦೦೧ರ ಎಣಿಕೆಯಲ್ಲಿ ಸುಮಾರು ಹತ್ತು ಸಾವಿರ, ೨೦೧೧ರಲ್ಲಿ ಹದಿನಾರು ಸಾವಿರಕ್ಕೂ ಮೇಲೆ ಎಂಬ ಅಂದಾಜು ಸಿಕ್ಕಿತು.

ಈ ಕಥೆಯನ್ನು ಈಗ ಬಹಳ ಮಂದಿ ಹೇಳುತ್ತಾರೆ; ಹೇಳುತ್ತ ಹೇಳುತ್ತ ಅದು ನೀತಿಕಥೆಯಾಗಿದೆ. ಕಾಡುಜಾಣ ಗೆದ್ದ, ಪಂಡಿತ ಸೋತ! ಇಷ್ಟಕ್ಕೇ ಚಪ್ಪಾಳೆ ತಟ್ಟುವುದು ಸಲ್ಲದು. ಅಂಕಿ ಏರಿದ್ದರಲ್ಲಿ ಹಿಂದಿನ ತಪ್ಪೆಣಿಕೆ ತಿದ್ದಿಕೊಂಡ ಪಾಲೆಷ್ಟೋ, ವಾಣಿಜ್ಯ ಬೇಟೆ ನಿಂತ ಮೇಲೆ ಸಂತತಿ ನಿಜವಾಗಿ ಬೆಳೆದ ಪಾಲೂ ಅಷ್ಟೇ ಮುಖ್ಯ. ವರ್ಷವರ್ಷವೂ ಅದು ಬೆಳೆಯುತ್ತಿದೆಯೆಂದು ವಿಜ್ಞಾನಿಗಳೇ ತೋರಿಸಿದರು. ಎರಡು ಕಡೆಯವರೂ ಒಂದೇ ಹಿಮದ ಮೇಲೆ ನಿಂತ ಕಾರಣ ಸತ್ಯ ಹೊರಬಿತ್ತೆನ್ನುವುದೇ ನ್ಯಾಯ. ನನ್ನ ಆಕ್ಷೇಪಣೆ ಇರುವುದು ಇನ್ನೊಂದು ಜಾಗದಲ್ಲಿ. ಈ ಬರಹಗಳಲ್ಲೆಲ್ಲ ಬೇಟೆಗಾರನ ಮಾತು ‘ಜ್ಞಾನ’ ಆಗುವುದು ಯಂತ್ರ ಹೂಂಗುಟ್ಟಿದ ಮೇಲೆ. ಅದಕ್ಕೆ ಮುಂಚೆ ಅದು ಬರಿಯ ‘ನಂಬಿಕೆ’.

ಇಂಥ ಹೂಂಗುಟ್ಟುವಿಕೆಯ ಉದಾಹರಣೆಗಳು ಒಂದಲ್ಲ, ಎರಡಲ್ಲ. ತಿಮಿಂಗಿಲಕ್ಕೆ ವಾಸನೆ ತಿಳಿಯುತ್ತದೆ, ಬಿಡಾರದಲ್ಲಿ ಹೊಗೆಯೆಬ್ಬಿಸಬಾರದು ಎಂದು ಬೇಟೆಗಾರರ ಕಟ್ಟುನಿಟ್ಟು. ತಿಮಿಂಗಿಲಗಳಿಗೆ ಘ್ರಾಣಶಕ್ತಿ ಇಲ್ಲವೆಂದೇ ಪಠ್ಯಗ್ರಂಥಗಳು ಬಹುಕಾಲ ಹೇಳಿದವು. ಬೋಹೆಡ್ಡಿನ ಮಿದುಳಿನಲ್ಲಿ ಘ್ರಾಣಕ್ಕೆ ಬೇಕಾದ ಭಾಗ ಸುಸ್ಥಿತಿಯಲ್ಲಿದೆಯೆಂದು ೨೦೧೧ರಲ್ಲಿ ಪ್ರಕಟವಾಯಿತು. ತಿಮಿಂಗಿಲ ಮನುಷ್ಯನ ಎರಡು ಆಯುಷ್ಯ ಬದುಕುತ್ತದೆಂದು ಅಲಾಸ್ಕದ ಬೇಟೆಗಾರರಲ್ಲಿ ಒಂದು ಮಾತಿದೆ. ೧೯೮೧ರಿಂದೀಚೆಗೆ ಕೊಯ್ದ ಕೆಲವು ತಿಮಿಂಗಿಲಗಳ ಮೈಯಲ್ಲಿ ಕಲ್ಲಿನ ಈಟಿಮೊನೆಗಳು ಸಿಕ್ಕವು; ಅಂಥ ಈಟಿಗಳನ್ನು ಬಿಟ್ಟು ಒಂದು ಶತಮಾನವೇ ಆಗಿತ್ತು. ಕಣ್ಣಿನ ಪಾರದರ್ಶಕವನ್ನು ರಾಸಾಯನಿಕವಾಗಿ ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಗಂಡು ತಿಮಿಂಗಿಲದ ವಯಸ್ಸು ಇನ್ನೂರು ದಾಟಿತ್ತೆಂಬ ಅಂದಾಜಿದೆ. ಮೆಲ್ವಿಲ್ ಬರೆಯುತ್ತಿದ್ದಾಗ ಈಜುತ್ತಿದ್ದ ತಿಮಿಂಗಿಲಗಳು ನಮ್ಮ ಕಾಲದವರೆಗೂ ಬದುಕಿದ್ದುವೆಂದಾಯಿತು.

ಆರೋಗ್ಯದ ವಿಚಾರಕ್ಕೆ ಬಂದರೆ ಕೆನಡದ ಕಡೆ ತಿರುಗಬೇಕು. ಮೆಕೆಂಜಿ ನದಿ ಕಡಲು ಸೇರುವ ಕಡೆ ಬಾಳುವ ಇನ್ಯೂವಿಯಾಲುಯಿಟ್ ಜನ ಬೇಸಗೆಯಲ್ಲಿ ಬೆಲುಗಾ ಬೇಟೆಯಾಡುತ್ತಾರೆ. ೧೯೮೪ರ ಒಪ್ಪಂದದಿಂದ ಅಲ್ಲಿಯ ಬೇಟೆಯ ಉಸ್ತುವಾರಿಯಲ್ಲಿ ಅವರಿಗೂ ಸರಕಾರಕ್ಕೂ ಜಂಟಿ ಹೊಣೆ. ಕೊಂದ ಪ್ರಾಣಿಯ ಉದ್ದ ಅಳೆಯುವುದು, ವಯಸ್ಸು ತಿಳಿಯಲು ದವಡೆ ತೆಗೆದಿಡುವುದು, ಇವೆಲ್ಲ ಊರಿನವರೇ ಮಾಡುವ ಕೆಲಸ. ಈ ಬೇಟೆಗಾರರು ಆರೋಗ್ಯವನ್ನು ಹೇಗೆ ಗುರುತಿಸುತ್ತಾರೆಂಬ ಬಗ್ಗೆ ೨೦೧೮ರಲ್ಲಿ ‘ಆರ್ಕ್‌ಟಿಕ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಅವು ಆರೋಗ್ಯವಾಗಿವೆಯೆಂದು ನಮಗೆ ತಿಳಿಯುವುದು ಹೀಗೆ ಎಂಬರ್ಥದ ಶೀರ್ಷಿಕೆ ಅದಕ್ಕೆ. ಶೀರ್ಷಿಕೆ ಕೇಳಿದೊಡನೆ ಒಬ್ಬ ಮನುಷ್ಯ ಎದುರಿಗೆ ನಿಂತಂತಾಗುತ್ತದೆ. ಒಳಗೆ ಹೋದರೆ ಮನುಷ್ಯ ಕರಗಿ ಲಕ್ಷಣಗಳು ಉಳಿಯುತ್ತವೆ: ಕೊಬ್ಬಿನ ದಪ್ಪ, ಕೊಬ್ಬಿನ ಬಣ್ಣ, ಬೆನ್ನು ದುಂಡಗಿದೆಯೇ ಬತ್ತಿದೆಯೇ, ಚರ್ಮದ ಸ್ಥಿತಿ, ಈಜುವ ಚುರುಕು.

ಇದನ್ನು ನಾನು ದೂಷಿಸುತ್ತಿಲ್ಲ. ಹೀಗೆ ಒಪ್ಪ ಮಾಡಿ ಜೋಡಿಸಿದ್ದರಿಂದಲೇ ಆ ಮಾತು ಅಧಿಕಾರಿಗಳ ಮೇಜಿಗೆ ಹತ್ತಿತು. ಕಡಲು ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಪ್ರಾಣಿ ಸೊರಗಿದೆಯೇ ಎಂದು ವರ್ಷ ವರ್ಷಕ್ಕೆ ಹೋಲಿಸಲು ಒಂದು ಪಟ್ಟಿ ಬೇಕೇ ಬೇಕು. ಆದರೆ ಓದುಗನಾಗಿ ನನಗೆ ಕೊರತೆ ತೋರುವುದು ಇಲ್ಲಿ. ಕತ್ತಿ ಹಿಡಿದವನ ಕೈಗೆ ಕೊಬ್ಬು ತಾಕುವ ಬಗೆ, ಅಡುಗೆಯಾದ ಮೇಲೆ ಮನೆಯಾಕೆ ಹೇಳುವ ಒಂದು ಮಾತು, ನೀರಿನಲ್ಲಿರುವಾಗಲೇ ಇದು ಬೇಡ ಎಂದು ದೋಣಿ ತಿರುಗಿಸಿದ ಹಿರಿಯನ ಕಣ್ಣು, ಇವೆಲ್ಲ ಸೇರಿ ಆಗುವ ಒಂದು ನಿರ್ಣಯವನ್ನು ಐದಾರು ಕಂಬಸಾಲುಗಳಾಗಿ ಬಿಡಿಸಿದರೆ ಕಂಬ ಸಿಗುತ್ತದೆ, ಮನೆ ಸಿಗುವುದಿಲ್ಲ. ಸಂಗೀತವನ್ನು ಸ್ವರಲಿಪಿಯಿಂದ ಮಾತ್ರ ಬಲ್ಲವನಿಗೂ ಇದೇ ಗತಿ ತಾನೆ?

ಬ್ರೌವರನ ಗ್ರಂಥದಲ್ಲಿ ಮನೆ ಇದೆ. ಅಲ್ಲಿ ಹಿಮದಡಿಯ ಉಸಿರಿನ ಮಾತೂ, ನೆಲಮಾಳಿಗೆ ಚೊಕ್ಕಟ ಮಾಡುವ ಮಾತೂ ಬೇರೆ ಬೇರೆ ಪ್ರಕರಣಗಳಲ್ಲ. ಹೆಪ್ಪುಗಟ್ಟಿದ ನೆಲದಲ್ಲಿ ತೋಡಿದ ಮಾಂಸದ ಮಾಳಿಗೆಯನ್ನು ಬೇಟೆಗೆ ಮುಂಚೆ ತೊಳೆದು ಹೊಸ ಹಿಮ ಹಾಸಿಡಬೇಕು. ತನ್ನನ್ನು ಎಲ್ಲಿ ಇಡುತ್ತಾರೆಂಬುದು ತಿಮಿಂಗಿಲಕ್ಕೆ ಗೊತ್ತು, ಹೊಲಸಾದ ಜಾಗಕ್ಕೆ ಅದು ಬಾರದು ಎಂದು ಈ ಜನ ಹೇಳುತ್ತಾರೆ. ದೋಣಿಯ ಯಜಮಾನನ ಹೆಂಡತಿ ಮನೆಯಲ್ಲಿ ಹೇಗೆ ನಡೆದುಕೊಳ್ಳುತ್ತಾಳೆ, ಹಂಚುವುದರಲ್ಲಿ ಎಷ್ಟು ಉದಾರಿ ಎಂಬುದನ್ನು ನೋಡಿ ತಿಮಿಂಗಿಲ ಒಲಿಯುತ್ತದೆಂಬುದೂ ಅಲ್ಲಿನ ನಂಬುಗೆ. ವಿಜ್ಞಾನಿ ಹಿಮದ ಮಾತನ್ನು ಎತ್ತಿಕೊಂಡು ಮಾಳಿಗೆಯ ಮಾತನ್ನು ಬಿಟ್ಟುಬಂದರೆ ಅದು ಅವನ ವೃತ್ತಿಧರ್ಮ. ಸಾಹಿತ್ಯದ ಓದುಗ ಹಾಗೆ ಮಾಡುವಂತಿಲ್ಲ. ಮಾಳಿಗೆ ಚೊಕ್ಕಟವಿದ್ದರೆ ಮಾಂಸ ಕೆಡದು. ಎಳೆಮರಿಯ ತಾಯಿಯನ್ನು ಹೊಡೆಯದಿದ್ದರೆ ಸಂತತಿ ಅಳಿಯದು. ಹಂಚಿ ತಿಂದರೆ ಅಗತ್ಯಕ್ಕಿಂತ ಹೆಚ್ಚು ಕೊಲ್ಲಬೇಕಾಗದು ಎಂದು ಯಾರಾದರೂ ಲೌಕಿಕ ಅರ್ಥ ಬಿಡಿಸಬಹುದು. ಬಿಡಿಸಲಿ. ಆದರೆ ಬ್ರೌವರ್ ಹೇಳುತ್ತಿರುವುದು ಅದಲ್ಲ. ಅವನು ಹೇಳುವುದು ಎರಡು ಪಕ್ಷಗಳ ನಡುವಣ ಒಂದು ಮರ್ಯಾದೆಯನ್ನು. ಅದರಲ್ಲಿ ಒಂದು ಪಕ್ಷ ಕಡಲಿನಲ್ಲಿದೆ.

‘ತಮ್ಮನ್ನೇ ಕೊಟ್ಟುಕೊಳ್ಳುತ್ತವೆ’ ಎಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ಪುಣ್ಯಕೋಟಿ. ಹೋಲಿಕೆ ಸುಲಭ, ಸುಲಭವಾದ್ದರಿಂದಲೇ ಅಪಾಯ. ಪುಣ್ಯಕೋಟಿ ಹುಲಿಯ ಬಳಿ ಮರಳಿ ಬರುವುದು ಕೊಟ್ಟ ಮಾತಿಗಾಗಿ. ಹುಲಿಗೆ ಬರುವುದು ನಾಚಿಕೆ. ಹಸು ಉಳಿಯುತ್ತದೆ, ಹುಲಿ ಸಾಯುತ್ತದೆ. ಇನ್ಯುಪಿಯಾಟ್ ಕಥೆಯಲ್ಲಿ ಬೇಟೆಗಾರ ನಾಚುವುದಿಲ್ಲ, ತಿಮಿಂಗಿಲ ಉಳಿಯುವುದಿಲ್ಲ. ಅದು ಬರುತ್ತದೆ, ಅವನು ಹೊಡೆಯುತ್ತಾನೆ, ಊರು ಉಣ್ಣುತ್ತದೆ, ಎಲ್ಲರೂ ಕೃತಜ್ಞರಾಗುತ್ತಾರೆ. ಕೊಲೆಯನ್ನೂ ಕೃತಜ್ಞತೆಯನ್ನೂ ಒಂದೇ ಮನಸ್ಸಿನಲ್ಲಿ ಹಿಡಿದಿಡುವುದು ನಮ್ಮ ಕಾವ್ಯಸಂಸ್ಕಾರಕ್ಕೆ ಅಷ್ಟು ಸಲೀಸಲ್ಲ. ಅಹಿಂಸೆಯ ಪಕ್ಷದವರು ಈ ಪುಸ್ತಕವನ್ನು ಓದಿ ಒಪ್ಪಬೇಕಾಗಿಲ್ಲ. ಬೇಟೆಗಾರನದು ಆತ್ಮವಂಚನೆಯೆಂದು ಓದುವುದಕ್ಕೆ ಮುಂಚೆಯೇ ತೀರ್ಮಾನಿಸದಿದ್ದರೆ ಸಾಕು. ಮೈಸೂರು ಬೆಂಗಳೂರುಗಳಲ್ಲಿ ಕೂತು ಒಂದು ಕಾಳೂ ಬೆಳೆಯದ ನೆಲದವರಿಗೆ ಪಥ್ಯ ಹೇಳುವುದು ತಮಾಷೆಯ ಮಾತು.

ಗ್ರಂಥದ ಹೃದಯವೆಂದು ನನಗೆ ತೋರಿದ್ದು ೧೯೮೬ರ ಪ್ರಸಂಗ. ಬ್ರೌವರ್ ಊರಿನಿಂದ ಬಹುದೂರದ ಆಂಕರೇಜ್ ನಗರದ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಆಗ ತಿಮಿಂಗಿಲದ ಮರಿಯೊಂದು ಅವನ ಬಳಿಗೆ ಬರುತ್ತದೆ. ತನ್ನ ತಾಯಿಯನ್ನು ಕೊಂದದ್ದು ಹೇಗೆಂದು ಹೇಳುತ್ತದೆ. ಇದನ್ನವನು ಕನಸೆಂದು ಅಲಂಕರಿಸಿ ಹೇಳುವುದಿಲ್ಲ. ನಿನ್ನೆ ನೆರೆಯವನು ಬಂದುಹೋದ ಎಂಬಷ್ಟೇ ಸಹಜವಾಗಿ ಹೇಳುತ್ತಾನೆ. ಮರಿಯಿರುವ ತಾಯಿಯನ್ನು ಬೇಟೆಯಾಡಬಾರದೆಂಬ ಅವನ ನಿಲುವಿಗೂ ಈ ಪ್ರಸಂಗಕ್ಕೂ ಇರುವ ನಂಟನ್ನು ಓದುಗ ತಾನೇ ಕಾಣುತ್ತಾನೆ. ಎಣಿಕೆಯ ಕ್ರಮ ತಿದ್ದಿದ ಮನುಷ್ಯನೂ ಇವನೇ, ಮರಿಯ ಮಾತು ಕೇಳಿದ ಮನುಷ್ಯನೂ ಇವನೇ. ಮೊದಲನೆಯವನನ್ನು ಸಭೆಗೆ ಕರೆದು ಎರಡನೆಯವನನ್ನು ಬಾಗಿಲಾಚೆ ನಿಲ್ಲಿಸುವ ಬರಹಗಳು ಎಷ್ಟೋ ಇವೆ. ಬ್ರೂಸ್ಟರ್ ಇಬ್ಬರನ್ನೂ ಒಳಗೆ ಬಿಟ್ಟಿದ್ದಾರೆ. ಅವರ ಮೇಲಿನ ನನ್ನ ಸಣ್ಣಪುಟ್ಟ ಆಕ್ಷೇಪಣೆಗಳೆಲ್ಲ ಇಲ್ಲಿ ಕರಗಿದುವು.

ಬ್ಯಾರಿ ಲೋಪೆಜ್ ೧೯೮೬ರಲ್ಲಿ ಪ್ರಕಟಿಸಿದ ‘ಆರ್ಕ್‌ಟಿಕ್ ಡ್ರೀಮ್ಸ್’ ಗ್ರಂಥವನ್ನು ಹೆಸರಿಸದಿದ್ದರೆ ವಾಚಕರು ಕೇಳಿಯಾರು. ಧ್ರುವಪ್ರದೇಶದ ಬೆಳಕು, ಹಿಮ, ಪ್ರಾಣಿಗಳನ್ನು ಕುರಿತು ಅಷ್ಟು ಚೆಲುವಾದ ಗದ್ಯ ಆಂಗ್ಲದಲ್ಲಿ ವಿರಳ. ಬೇಟೆಗಾರರನ್ನು ಅವರು ಗೌರವದಿಂದಲೇ ಕಾಣುತ್ತಾರೆ. ಆದರೂ ಅಲ್ಲಿ ಕೇಳುವ ಕಂಠ ಲೋಪೆಜ್ ಅವರದು. ಬೇಟೆಗಾರ ಅವರ ವಾಕ್ಯದ ಒಳಗೆ ನಿಂತಿರುತ್ತಾನೆ. ಬ್ರೌವರನ ವಾಕ್ಯ ಒರಟು, ಅರ್ಧಂಬರ್ಧ. ಅವನು ಅದರ ಒಳಗಿಲ್ಲ, ಅದು ಅವನದು.

ಈ ಪುಸ್ತಕದ ಕೆಲವು ಭಾಗಗಳಾದರೂ ಕನ್ನಡಕ್ಕೆ ಬರಬೇಕು. ಕೈಹಾಕುವವರು ಗ್ರಾಂಥಿಕ ಭಾಷೆಯ ಆಸೆ ಬಿಟ್ಟು, ಕರಾವಳಿಯಲ್ಲಿ ದೋಣಿ ನಡೆಸುವವರ ಮಾತಿನ ಲಯಕ್ಕೆ ಕಿವಿಗೊಟ್ಟರೆ ಒಳ್ಳೆಯದು. ಜೊತೆಗೆ ಆಲ್ಬರ್ಟ್ ಅವರು ಬ್ರೌವರನಿಂದ ತಮ್ಮ ಸಂಶೋಧನೆಗೆ ದೊರೆತದ್ದೇನೆಂದು ಬರೆದ ಪ್ರಬಂಧವನ್ನೂ ಸೇರಿಸಬಹುದು. ಅದು ೨೦೦೧ರಲ್ಲಿ ಬಂದ ‘ಫಿಫ್ಟಿ ಮೋರ್ ಇಯರ್ಸ್ ಬಿಲೋ ಜೀರೋ’ ಎಂಬ ಸಂಕಲನದಲ್ಲಿದೆ. ಹೆಸರು ನೋಡಿ: ತಂದೆಯ ಪುಸ್ತಕದ ಹೆಸರನ್ನೇ ಹಿಗ್ಗಿಸಿ ಇಟ್ಟದ್ದು, ಒಳಗೆ ಮಗನ ಕಥೆಯೂ ಇದೆ.